ಗುಜರಿಗೆ ಹೋಗಬೇಕಿದ್ದ ನನ್ನ ಮೊದಲ ಸೈಕಲ್ ಈಗ ಮಗಳ ಕೈಲಿ

ನಾನು ಚಿಕ್ಕಂದಿನಲ್ಲಿ ಓಡಿಸಿದ ಮೊದಲ ಸೈಕಲ್ ಮತ್ತೆ ರಸ್ತೆಗೆ ಬಂದಿದೆ. "ಗುಜರಿಗೆ ಹಾಕಿ ಹೊಸದು ತಗೋ" ಅಂದವರು ಒಬ್ಬಿಬ್ಬರಲ್ಲ. ರಿಪೇರಿಯವರೂ ಪೆಡಲ್ ಕೂರುವ ತೋಳನ್ನು, ಅಂದ್ರೆ ಕ್ರ್ಯಾಂಕನ್ನು, ಒಂದ್ಸಲ ಅಲ್ಲಾಡಿಸಿ ನೋಡಿ, "ಕಾಟರ್ ಪಿನ್ ಬರಲ್ಲ ಸಾರ್, ಕತ್ತರಿಸಬೇಕು" ಅಂತ ಕೈಚೆಲ್ಲಿದರು. ಕ್ರ್ಯಾಂಕನ್ನು ನಡುವಿನ ಆಕ್ಸಲ್ಲಿಗೆ ಬಿಗಿಹಿಡಿಯುವ ಬೆಣೆಯಂಥ ಪಿನ್ ಅದು. ಪಿನ್ ಬಂತು, ಕತ್ತರಿಸದೆಯೇ ಬಂತು. ಸ್ಪ್ಯಾನರ್ ಹಿಡಿದು ಅಭ್ಯಾಸ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬೇರಿಂಗಿನ ಕೋನ್ ಟೈಟ್ ಮಾಡೋದು ಹೇಗೆ ಅಂತೆಲ್ಲ ಇಲ್ಲಿ ಹೇಳುವುದಿಲ್ಲ.

ಈ ಫ್ರೇಮ್ ಮೇಲೆ ನನಗೆ ಯಾಕಿಷ್ಟು ನಂಬಿಕೆ ಅಂತ ಮೊದಲು ಹೇಳಬೇಕು. ನನಗೆ ಸಿಕ್ಕಿದ್ದು ಯಾರೋ ಓಡಿಸಿ ಬಿಟ್ಟ 26 ಇಂಚಿನ ಕರಿ ಸೈಕಲ್. ಸೀಟು ಎಟುಕದೆ ಒಳಪೆಡಲು ಹೊಡೆದೇ ಕಲಿತೆ. ಅದೇ ಹೊತ್ತಿಗೆ ಚಿಕ್ಕಪ್ಪನ ಮಗನಿಗೆ ಹೊಚ್ಚ ಹೊಸ 20 ಇಂಚಿನದು ಬಂತು. ಹೊಳೆಯುವ ಬಣ್ಣ, ಸ್ಟಿಕ್ಕರ್, ಹಿಂದೆ ಎರಡು ಸಣ್ಣ ಚಕ್ರ. ವರ್ಷ ತುಂಬುವಷ್ಟರಲ್ಲಿ ಅವನ ಹಿಂದಿನ ಟೈರ್ ಫ್ರೇಮಿಗೆ ಉಜ್ಜತೊಡಗಿತು. ಬಗ್ಗಿ ನೋಡಿದೆ. ಆಕ್ಸಲ್ ಕೂರುವ ಜಾಗದಲ್ಲಿ ದಪ್ಪ ಪಟ್ಟಿಯೇ ಇರಲಿಲ್ಲ. ಪೈಪಿನ ತುದಿಯನ್ನೇ ಚಪ್ಪಟೆ ಮಾಡಿ ಸೀಳು ಕೊಟ್ಟಿದ್ದರು. ಸಣ್ಣ ಚಕ್ರ ನೆಲಕ್ಕೆ ತಾಗಿದಾಗೆಲ್ಲ ಅದು ಒಂದಿಷ್ಟು ಬಾಗಿದೆ. ಪೆಡಲಿನೊಳಗೆ ಬಾಲ್ಸ್ ಇಲ್ಲ, ಪ್ಲಾಸ್ಟಿಕ್ ಬುಷ್. ಬಿಚ್ಚೋಣ ಅಂದ್ರೆ ನಟ್ಟೂ ಇಲ್ಲ.

ನನ್ನದರಲ್ಲಿ ಎಲ್ಲದಕ್ಕೂ ನಟ್ ಇತ್ತು. ಬಿಚ್ಚಬಹುದು, ಸವೆದಿದ್ದನ್ನು ಬದಲಿಸಬಹುದು, ಮತ್ತೆ ಕೂರಿಸಬಹುದು. ಅವತ್ತಿಂದ ನಾನು ಸೈಕಲ್ ಗಟ್ಟಿಯಾ ಅಂತ ಬಣ್ಣ ನೋಡಿ ಹೇಳಲ್ಲ. ಎಲ್ಲೆಲ್ಲಿ ಬಿಚ್ಚೋಕೆ ದಾರಿ ಇಟ್ಟಿದ್ದಾರೆ ಅಂತ ನೋಡಿ ಹೇಳುತ್ತೇನೆ. ನನ್ನ ಮಾತು ಇಲ್ಲಿಯವರೆಗೆ ಹುಸಿಯಾಗಿಲ್ಲ.

ಈಗ ಕೆಲಸಕ್ಕೆ ಬರೋಣ. ಫ್ರೇಮ್ ಪೂರ್ತಿ ತುಕ್ಕು. ಆದರೆ ಹ್ಯಾಂಡಲ್ ಕೂರುವ ಹೆಡ್ ಹತ್ತಿರ, ಪೈಪುಗಳನ್ನು ಜೋಡಿಸುವ ಲಗ್ಗಿನ ಅಂಚಿನಲ್ಲಿ ಬಣ್ಣ ಕೆರೆದು ನೋಡಿದರೆ, ಪೈಪೂ ಲಗ್ಗೂ ಸೇರುವ ಕಡೆ ಹಿತ್ತಾಳೆಯ ಸಣ್ಣ ಗೆರೆ ಸುತ್ತಲೂ ಕಡಿಯದೆ ಓಡಿತ್ತು. ಬ್ರೇಜಿಂಗ್ (ಹಿತ್ತಾಳೆ ಕರಗಿಸಿ ಹಾಕಿದ ಬೆಸುಗೆ) ಚೆನ್ನಾಗಿದೆ, ಒಳಗೆ ತುಂಬಿಕೊಂಡಿದೆ ಅಂತ ಅದರರ್ಥ. ಅಷ್ಟು ಕಂಡ ಮೇಲೆ ಬಿಡೋ ಮಾತೇ ಇರಲಿಲ್ಲ.

ಸತಾಯಿಸಿದ್ದು ಕಾಟರ್ ಪಿನ್. ಎಡಗಡೆಯದು ಎಲ್ಲರೂ ಮಾಡುವ ಹಾಗೆ ಬಂತು. ನಟ್ಟನ್ನು ಥ್ರೆಡ್ ತುದಿಗೆ ಸಮವಾಗಿ ಬಿಟ್ಟು, ಕ್ರ್ಯಾಂಕ್ ಕೆಳಗೆ ನೆಲದಿಂದ ಪೈಪ್ ಆನಿಸಿ, ಸುತ್ತಿಗೆಯಿಂದ ಗಟ್ಟಿ ಏಟು ಕೊಟ್ಟೆ, ಅಷ್ಟೇ. ಬಲಗಡೆಯದು ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ. ವಾರಗಟ್ಟಲೆ ಸೀಮೆಎಣ್ಣೆ ಬಿಟ್ಟೆ, ಆಗಲಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಒಂದು ಡಬ್ಬಿ ಖಾಲಿಯಾಯಿತು, ಅದೂ ದಂಡ. ಕೊನೆಗೆ ಸುತ್ತಿಗೆ ಬಿಟ್ಟು ದೊಡ್ಡ ಜಿ ಕ್ಲಾಂಪ್ ಹಿಡಿದೆ. ಒಂದು ಕಡೆ ದಪ್ಪ ಸಾಕೆಟ್ ಇಟ್ಟೆ, ಪಿನ್ನಿನ ತಲೆ ಅದರೊಳಗೆ ಜಾರಲಿ ಅಂತ. ಇನ್ನೊಂದು ಕಡೆ ನಟ್ಟಿನ ಮೇಲೆ ಒತ್ತು. ಕೈಯಲ್ಲಿ ಆಗುವಷ್ಟು ಬಿಗಿದು ರಾತ್ರಿಯಿಡೀ ಹಾಗೇ ಬಿಟ್ಟೆ. ಬೆಳಗ್ಗೆ ಕ್ಲಾಂಪ್ ಬಿಗಿಯಾಗಿ ಇರುವಾಗಲೇ ಕ್ರ್ಯಾಂಕಿನ ಬದಿಗೆ ಸಣ್ಣದೊಂದು ಏಟು ಹಾಕಿದೆ. "ಟಕ್" ಅಂತ ಸದ್ದು ಬಂತು, ಪಿನ್ ಸಡಿಲಾಯಿತು. ಏಟು ಹಾಕುವ ಮುಂಚೆ ಒಂದು ಸಣ್ಣ ಕೆಲಸ ಮಾಡಿದ್ದೆ. ಅದು ನನ್ನ ಹತ್ತಿರವೇ ಇರಲಿ.

ಹೊಸ ಪಿನ್ ಕೂರಿಸುವಾಗಲೂ ಕ್ಲಾಂಪೇ ಸರಿ. ನಟ್ ಬಿಗಿದು ಎಳೆದರೆ ಥ್ರೆಡ್ ಹೋಗುತ್ತದೆ. ಎರಡು ಪಿನ್ನೂ ಒಂದಕ್ಕೊಂದು ಉಲ್ಟಾ ದಿಕ್ಕಿಗಿರಲಿ, ಇಲ್ಲದಿದ್ದರೆ ಎರಡು ಪೆಡಲ್ ನೇರಕ್ಕೆ ಬರಲ್ಲ. ಕ್ರ್ಯಾಂಕ್ ಆಕ್ಸಲ್ಲಿನ ಬಾಲ್ಸ್ ಕೂರುವ ಬಲಗಡೆ ಕಪ್ಪಿಗೆ ಉಲ್ಟಾ ಥ್ರೆಡ್. ಅದು ಚೆನ್ನಾಗಿಯೇ ಇತ್ತು, ಮುಟ್ಟಲಿಲ್ಲ. ಬಾಲ್ಸ್ ಹಿಡಿದಿಡುವ ಬಳೆ, ಅಂದ್ರೆ ಕೇಜ್ ತೆಗೆದು ಕಾಲಿಂಚಿನ ಬಿಡಿ ಬಾಲ್ಸ್ ಕಡೆಗೆ 11ರಂತೆ ಹಾಕಿದೆ. ಕೇಜಿನಲ್ಲಿ ಅಷ್ಟು ಹಿಡಿಸಲ್ಲ. ಬಾಲ್ಸ್ ಜಾಸ್ತಿಯಾದಷ್ಟೂ ಭಾರ ಹಂಚಿಹೋಗುತ್ತದೆ. ತುಳಿದು ನೋಡಿದರೆ ವ್ಯತ್ಯಾಸ ಕಾಲಿಗೇ ಗೊತ್ತಾಗುತ್ತದೆ.

ನಡುವೆ ಒಂದು ಪ್ರಯೋಗ ಮಾಡಿದೆ. ಒಂದು ಮಡ್‌ಗಾರ್ಡ್ ಕಡ್ಡಿಯನ್ನು ವಿನೆಗರಿನಲ್ಲಿ, ಇನ್ನೊಂದನ್ನು ನಿಂಬೆಉಪ್ಪು ಕರಗಿಸಿದ ಬಿಸಿನೀರಿನಲ್ಲಿ ಮುಳುಗಿಸಿಟ್ಟೆ. ನಿಂಬೆಉಪ್ಪಿನದು ಬೇಗ ಬಿಟ್ಟಿತು, ವಾಸನೆಯೂ ಇಲ್ಲ, ಖರ್ಚೂ ಕಡಿಮೆ. ತೊಳೆದು ಒರೆಸಿ ತಕ್ಷಣ ಎಣ್ಣೆ ಸವರಬೇಕು, ಇಲ್ಲಾಂದ್ರೆ ನೋಡನೋಡುತ್ತಲೇ ಮತ್ತೆ ಕೆಂಪಗಾಗುತ್ತದೆ. ಹ್ಯಾಂಡಲ್ ಕ್ರೋಮಿಗೆ ಅಲ್ಯೂಮಿನಿಯಂ ಹಾಳೆ ನೀರಲ್ಲಿ ಅದ್ದಿ ಉಜ್ಜಿದರೆ ಸಾಕು. ಮರಳು ಕಾಗದ ಮಾತ್ರ ಬೇಡ.

ದುಡ್ಡು ಹೋಗಿದ್ದು ಚಕ್ರಕ್ಕೆ. ಹಬ್ ಎರಡೂ ಚೆನ್ನಾಗಿದ್ದವು. ಮುಂದೆ 32 ಕಡ್ಡಿ, ಹಿಂದೆ 40. ರಿಮ್ ಮಾತ್ರ ನಿಪ್ಪಲ್ (ಕಡ್ಡಿ ಬಿಗಿಯುವ ಸಣ್ಣ ನಟ್) ತೂತುಗಳ ಸುತ್ತ ಒಳಗಿಂದಲೇ ತಿಂದುಹೋಗಿತ್ತು. ಇಲ್ಲಿ ಒಂದು ಮೋಸ ಇದೆ, ನೋಡಿಕೊಳ್ಳಿ. 26 ಇಂಚು ಅಂತ ಒಂದೇ ಹೆಸರು, ಒಳಗೆ ಅಳತೆ ಬೇರೆ ಬೇರೆ. ಹಳೆಯ 26×1⅜ ಟೈರಿನದು 590 ಮಿ.ಮೀ., ಗುಡ್ಡ ಹತ್ತುವ ಸೈಕಲ್ಲಿನ ದಪ್ಪ ಟೈರಿನದು 559. ಅಂಗಡಿಯವನು "26 ಎಲ್ಲ ಒಂದೇ" ಅಂತ ದಪ್ಪದ್ದನ್ನೇ ಕೊಟ್ಟ, ವಾಪಸ್ಸೂ ತಗೊಳ್ಳಲಿಲ್ಲ. ಟೈರಿನ ಬದಿಯಲ್ಲಿ ಮಿಲಿಮೀಟರ್ ಅಂಕಿ ಅಚ್ಚಾಗಿರುತ್ತದೆ. ಅದನ್ನು ಓದಿಯೇ ದುಡ್ಡು ಕೊಡಿ.

ಕಡ್ಡಿ ನಾನೇ ಕಟ್ಟಿದೆ. ಔಟ್ (ಚಕ್ರದ ಓಲಾಟ) ತೆಗೆಯುವಾಗ ಒಂದು ಸಲಕ್ಕೆ ನಿಪ್ಪಲ್ ಕಾಲು ಸುತ್ತಿಗಿಂತ ಜಾಸ್ತಿ ತಿರುಗಿಸಲಿಲ್ಲ. ನಡುನಡುವೆ ಪಕ್ಕಪಕ್ಕದ ಕಡ್ಡಿಗಳನ್ನು ಜೋಡಿಯಾಗಿ ಅಂಗೈಯಲ್ಲಿ ಹಿಂಡಿದೆ. ಇದನ್ನು ಬಿಟ್ಟರೆ ಹೊಸ ಚಕ್ರ ಸ್ವಲ್ಪ ದಿನಕ್ಕೇ ಮತ್ತೆ ಔಟ್ ಆಗುತ್ತದೆ. ಹಿಂದಿನ ಚಕ್ರ ಫ್ರೀವೀಲ್ ಕಡೆಗೆ ಸರಿಯಾಗಿ ಕೂರಲು ಸುಮಾರು ಸಲ ಬಿಚ್ಚಿ ಕಟ್ಟಬೇಕಾಯಿತು. ಈಗ ಹೇಗೆ ತಿರುಗಿಸಿದರೂ ಔಟ್ ಕಾಣಲ್ಲ.

ಒಟ್ಟು ಖರ್ಚು ಸಾಮಾನ್ಯ ಹೊಸ ಸೈಕಲ್ ಬೆಲೆಯ ಅರ್ಧ ಆಗಿರಬಹುದು. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ರಿಮ್, ಕಡ್ಡಿ, ಟೈರಿಗೇ ಹೋಯಿತು. ಕೈ ಕೆಲಸಕ್ಕೆ ನಾನು ಲೆಕ್ಕ ಇಟ್ಟಿಲ್ಲ. ಪಿನ್ ಬರಲ್ಲ ಅಂದಿದ್ದ ರಿಪೇರಿಯವರು ಒಂದು ಸುತ್ತು ಓಡಿಸಿ ನೋಡಿ, ಕ್ಲಾಂಪ್ ಎಂಥದ್ದು ಅಂತ ಕೇಳಿ ಬರೆದುಕೊಂಡು ಹೋದರು.

ಬ್ರೇಕ್ ಒಂದು ಇನ್ನೂ ಬಾಕಿ. ಸ್ಟೀಲ್ ರಿಮ್ ಒದ್ದೆಯಾದರೆ ಸರಿಯಾಗಿ ಹಿಡಿಯಲ್ಲ, ಅದಕ್ಕೆ ಮಳೆ ಇದ್ದ ದಿನ ಮಗಳಿಗೆ ಈ ಸೈಕಲ್ ಕೊಡುವುದಿಲ್ಲ. 590ರದೇ ಅಲ್ಯೂಮಿನಿಯಂ ರಿಮ್, 32 ತೂತಿನದು ಸಿಕ್ಕಿದೆ. ಬ್ರೇಕಿನ ಭಾರ ಜಾಸ್ತಿ ಬೀಳುವುದು ಮುಂದಿನ ಚಕ್ರಕ್ಕೇ ಅಲ್ವಾ, ಅದನ್ನೇ ಮೊದಲು ಕಟ್ಟುತ್ತೇನೆ. ಹಿಂದಕ್ಕೆ 40 ತೂತಿನದು ಇನ್ನೂ ಹುಡುಕುತ್ತಿದ್ದೇನೆ.