ಟ್ಯಾಪೆಟ್ ಶಬ್ದ ಎಂದರು, ಎಂಜಿನ್ ಬಿಚ್ಚದೆ ನಿಲ್ಲಿಸಿದೆ

ಇಪ್ಪತ್ತು ವರ್ಷ ದಾಟಿದ ಕಾರು. ನಾಲ್ಕು ಸಿಲಿಂಡರ್, ಪೆಟ್ರೋಲ್, ಇಂಜೆಕ್ಷನ್. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಬಾನೆಟ್ ಕೆಳಗಿನಿಂದ ಜೋರಾಗಿ ಟಿಕ್ ಟಿಕ್ ಟಿಕ್. ಎಂಜಿನ್ ಬಿಸಿಯಾಗುತ್ತಾ ಆ ಶಬ್ದ ತಗ್ಗುತ್ತಿತ್ತು. ಅದು ತಗ್ಗುವ ಹೊತ್ತಿಗೆ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗಿನ ಎಂಜಿನ್ ಓಟ, ಕೆಡುತ್ತಿತ್ತು. 650 ಆರ್‌ಪಿಎಂಗೆ (ನಿಮಿಷಕ್ಕೆ ಇಷ್ಟು ಸುತ್ತು) ಇಳಿಯುವುದು, 1100ಕ್ಕೆ ಏರುವುದು, ಮತ್ತೆ ಇಳಿಯುವುದು. ಈಗ ಅದೇ ಎಂಜಿನ್ 780ರ ಆಸುಪಾಸಿನಲ್ಲಿ ಅಲುಗದೆ ನಿಂತಿದೆ. ಎಂಜಿನ್‌ನ ಮೇಲ್ಭಾಗವಾದ ಹೆಡ್ ಬಿಚ್ಚಿಲ್ಲ, ವಾಲ್ವ್ ತೆರೆಯುವ ಟ್ಯಾಪೆಟ್ ಮುಟ್ಟಿಲ್ಲ.

ನೋಡಿದವರೆಲ್ಲ ಇದು ಎರಡು ಬೇರೆ ತೊಂದರೆ ಎಂದರು. ಶಬ್ದಕ್ಕೆ ಟ್ಯಾಪೆಟ್, ಐಡ್ಲಿಂಗ್‌ಗೆ ವ್ಯಾಕ್ಯೂಮ್ ಲೀಕ್, ಅಂದರೆ ಎಂಜಿನ್‌ಗೆ ಗಾಳಿ ಹೋಗುವ ಇನ್‌ಟೇಕ್ ಕಡೆಯ ಸೋರಿಕೆ. ಒಂದು ಶುರುವಾಗುವಾಗ ಇನ್ನೊಂದು ಕಡಿಮೆಯಾಗುತ್ತದೆ, ಹಾಗಾಗಿ ಒಂದಕ್ಕೊಂದು ಸಂಬಂಧವಿಲ್ಲ ಎಂಬ ವಾದ. ನಾನು ಮೊದಲಿನಿಂದಲೂ ಎರಡೂ ಒಂದೇ ಜಾಗದಿಂದ ಬರುತ್ತಿವೆ ಎನ್ನುತ್ತಿದ್ದೆ. ಯಾರೂ ಒಪ್ಪಲಿಲ್ಲ. ಒಬ್ಬ ಮೆಕ್ಯಾನಿಕ್ ಅಂತೂ ಎಂಜಿನ್ ಇಳಿಸಿಯೇ ನೋಡಬೇಕು ಎಂದು ಕಾರಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ ಅಂದಾಜು ಕೊಟ್ಟರು.

ಅದಕ್ಕೂ ಮೊದಲೇ ದುಡ್ಡು ಸಾಕಷ್ಟು ಹೋಗಿತ್ತು. ಐಡಲ್ ವಾಲ್ವ್ ಹೊಸದು ಹಾಕಿದ್ದಾಯಿತು, ಗಾಳಿ ಒಳಬಿಡುವ ಥ್ರಾಟಲ್ ಬಾಡಿ ತೊಳೆದು, ಅದನ್ನು ಕಂಪ್ಯೂಟರ್‌ಗೆ ಮತ್ತೆ ಕಲಿಸಿದ್ದಾಯಿತು (ರೀಲರ್ನ್). ಎಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಪಿಸಿವಿ ಪೈಪ್, ಬ್ರೇಕ್ ಬೂಸ್ಟರ್ ಪೈಪ್, ಇನ್‌ಟೇಕ್ ಗ್ಯಾಸ್ಕೆಟ್ ಎಲ್ಲವೂ ಬದಲಾದವು. ಕೊನೆಗೆ ಎಕ್ಸಾಸ್ಟ್ ಹೊಗೆಯಲ್ಲಿ ಉಳಿದ ಆಕ್ಸಿಜನ್ ನೋಡುವ ಆಕ್ಸಿಜನ್ ಸೆನ್ಸರ್ ಕೂಡ. ಎಲ್ಲ ಸೇರಿಸಿದರೆ ಕಾರು ಮಾರಿದಾಗ ಸಿಗುವ ಹಣದ ಕಾಲು ಭಾಗ. ಐಡಲ್ ವಾಲ್ವ್ ಹಾಕಿದ ಮೇಲೆ ಎರಡು ದಿನ ಪರವಾಗಿಲ್ಲ ಅನ್ನಿಸಿತು, ಅಷ್ಟೇ. ಬ್ಯಾಟರಿ ತೆಗೆದು ಹಾಕಿದ್ದರಿಂದ ಕಂಪ್ಯೂಟರ್ ಹಳೆಯ ಟ್ರಿಮ್, ಅಂದರೆ ಪೆಟ್ರೋಲ್ ಹೆಚ್ಚುಕಡಿಮೆ ಮಾಡುವ ತಿದ್ದುಪಡಿ, ಮರೆತಿತ್ತು. ಮತ್ತೆ ಕಲಿತ ಕೂಡಲೇ ಹಳೇ ಕಥೆ.

ವ್ಯಾಕ್ಯೂಮ್ ಲೀಕ್ ಎಂದು ಎಲ್ಲರೂ ಹೇಳಿದ್ದಕ್ಕೆ ಕಾರಣ ಇತ್ತು. ಸ್ಕ್ಯಾನರ್‌ನಲ್ಲಿ ಐಡ್ಲಿಂಗ್ ವೇಳೆ ಲಾಂಗ್ ಟರ್ಮ್ ಟ್ರಿಮ್ ಪ್ಲಸ್ 18 ಶೇಕಡದ ಹತ್ತಿರ, ಅಂದರೆ ಕಂಪ್ಯೂಟರ್ ಅಷ್ಟು ಪೆಟ್ರೋಲ್ ಹೆಚ್ಚಿಗೆ ಹಾಕುತ್ತಿತ್ತು. 2500 ಆರ್‌ಪಿಎಂನಲ್ಲಿ 4 ಅಥವಾ 5ಕ್ಕೆ ಇಳಿಯುತ್ತಿತ್ತು. ಪಾಠದ ಪ್ರಕಾರ ಇದು ಇನ್‌ಟೇಕ್ ಕಡೆಯ ಲೀಕೇ. ಆದರೆ ನನ್ನ ವ್ಯಾಕ್ಯೂಮ್ ಗೇಜ್ 18-19 ಇಂಚು (ಪಾದರಸ) ತೋರಿಸುತ್ತಿತ್ತು, ಅದು ಆರೋಗ್ಯವಂತ ಎಂಜಿನ್‌ನ ಅಂಕಿ. ಮುಳ್ಳು ನಡುಗುತ್ತಲೂ ಇರಲಿಲ್ಲ. ಅಷ್ಟು ದೊಡ್ಡ ಲೀಕ್ ಇದ್ದರೆ ಗೇಜ್ ಹೀಗೆ ನಿಲ್ಲುತ್ತದೆಯೇ? ಇನ್ನೊಂದು ವಿಷಯ ನನ್ನನ್ನು ಕಾಡುತ್ತಿತ್ತು. ಸ್ಪಾರ್ಕ್ ಪ್ಲಗ್‌ಗಳು ನಾಲ್ಕೂ ಕಪ್ಪು, ಒಣ ಮಸಿ. ಕಂಪ್ಯೂಟರ್ ಪೆಟ್ರೋಲ್ ಸಾಲದು ಎನ್ನುತ್ತಿದೆ, ಪ್ಲಗ್ ಪೆಟ್ರೋಲ್ ಜಾಸ್ತಿ ಎನ್ನುತ್ತಿದೆ. ನಾನು ಪ್ಲಗ್ ಮಾತು ನಂಬಿದೆ. ಅದು ಬೆಂಕಿಯ ಪಕ್ಕದಲ್ಲೇ ಕೂತಿರುತ್ತದೆ, ಅಲ್ವಾ.

ಹಾಗಾದರೆ ಸೆನ್ಸರ್‌ಗೆ ಕಾಣುತ್ತಿರುವ ಆಕ್ಸಿಜನ್ ಎಂಜಿನ್ ಒಳಗಿನಿಂದ ಬಂದದ್ದಲ್ಲ. ಸೆನ್ಸರ್‌ಗಿಂತ ಮುಂಚೆ ಎಕ್ಸಾಸ್ಟ್‌ನಲ್ಲಿ ಎಲ್ಲೋ ಹೊರಗಿನ ಗಾಳಿ ಸೇರುತ್ತಿದೆ. ಐಡ್ಲಿಂಗ್‌ನಲ್ಲಿ ಹೊಗೆ ಒಂದೊಂದೇ ತಳ್ಳಾಗಿ ಬರುತ್ತದೆ. ಪ್ರತಿ ತಳ್ಳಿನ ಹಿಂದೆ ಕ್ಷಣ ಮಾತ್ರ ಒತ್ತಡ ಕುಸಿಯುತ್ತದೆ, ಸಂದು ಇದ್ದರೆ ಅಲ್ಲಿಂದ ಗಾಳಿ ಒಳಗೆ ಎಳೆಯುತ್ತದೆ. ರೇಸ್ ಕೊಟ್ಟಾಗ ಹರಿವು ಜಾಸ್ತಿ, ಆ ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ಟ್ರಿಮ್ ಇಳಿಯುವುದಕ್ಕೆ ಇದೇ ಕಾರಣ.

ಪರೀಕ್ಷೆಗೆ ಕಾಸು ಖರ್ಚಿಲ್ಲ. ಸೆನ್ಸರ್ ಕನೆಕ್ಟರ್ ಕಿತ್ತು ಸ್ಟಾರ್ಟ್ ಮಾಡಿದೆ. ಎಂಜಿನ್ ಪೂರ್ತಿ ಬಿಸಿಯಾದರೂ ಐಡ್ಲಿಂಗ್ ಹೆಚ್ಚುಕಡಿಮೆ ನೆಟ್ಟಗೆ ನಿಂತಿತು. ಎಚ್ಚರಿಕೆ ದೀಪ ಹೊತ್ತಿತು, ಹೊತ್ತಲಿ. ತಣ್ಣಗಿರುವಾಗ ಐಡ್ಲಿಂಗ್ ಯಾಕೆ ಚೆನ್ನಾಗಿರುತ್ತಿತ್ತು ಎಂಬುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಸೆನ್ಸರ್ ಬಿಸಿಯಾಗುವ ತನಕ ಕಂಪ್ಯೂಟರ್ ಅದರ ಮಾತು ಕೇಳುವುದಿಲ್ಲ.

ಇನ್ನು ಶಬ್ದ. ಟ್ಯಾಪೆಟ್ ಬಡಿತ ಎಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ಬರುತ್ತದೆ. ಒಂದೇ ಸಿಲಿಂಡರ್‌ನ ಎಕ್ಸಾಸ್ಟ್ ಲೀಕ್ ಕೂಡ ಎರಡು ಸುತ್ತಿಗೊಮ್ಮೆಯೇ ಬರುತ್ತದೆ. 800 ಆರ್‌ಪಿಎಂನಲ್ಲಿ ಎರಡೂ ನಿಮಿಷಕ್ಕೆ 400. ಕಿವಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಅದಕ್ಕೇ ಎಲ್ಲರೂ ಟ್ಯಾಪೆಟ್ ಎಂದದ್ದು. ಸುಮ್ನೆ ನೋಡೋಣ ಎಂದು ಒಮ್ಮೆ ಇನ್ನೂ ದಪ್ಪ ಆಯಿಲ್ ಹಾಕಿದ್ದೆ. ಶಬ್ದ ಕೂದಲಷ್ಟೂ ಬದಲಾಗಲಿಲ್ಲ, ತಣ್ಣಗಿರುವಾಗ ಸ್ಟಾರ್ಟರ್‌ಗೆ ಮಾತ್ರ ಭಾರ ಹೆಚ್ಚಾಯಿತು. ಆಮೇಲೆ ಬೆಲ್ಟ್ ಕಳಚಿ ಅರ್ಧ ನಿಮಿಷ ಓಡಿಸಿ ನೋಡಿದೆ. ಆಲ್ಟರ್ನೇಟರ್, ವಾಟರ್ ಪಂಪ್ ಎರಡೂ ನಿರಪರಾಧಿಗಳು. ನಿಮ್ಮದೂ ಬೆಲ್ಟ್‌ನಿಂದ ತಿರುಗುವ ವಾಟರ್ ಪಂಪ್ ಆದರೆ ಅದಕ್ಕಿಂತ ಹೆಚ್ಚು ಓಡಿಸಬೇಡಿ.

ನಿಜವಾಗಿ ಬೇರೆ ಮಾಡಿ ತೋರಿಸಿದ್ದು ಎರಡು ಕೆಲಸ. ಸ್ಕ್ರೂಡ್ರೈವರ್ ಹಿಡಿ ಕಿವಿಗಿಟ್ಟು ವಾಲ್ವ್ ಕವರ್ ಮೇಲೆ ಒತ್ತಿದರೆ ಶಬ್ದ ಸಣ್ಣದು. ಎರಡಡಿ ರಬ್ಬರ್ ಪೈಪ್ ಕಿವಿಗಿಟ್ಟು ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಡೆ ಆಡಿಸಿದರೆ ನಾಲ್ಕನೇ ಸಿಲಿಂಡರ್ ಹತ್ತಿರ ಕಿವಿಗೆ ಹೊಡೆದಂತೆ ಬರುತ್ತಿತ್ತು. ಲೋಹದ ಬಡಿತ ಕಡ್ಡಿಯಲ್ಲಿ ಕೇಳುತ್ತದೆ, ಗಾಳಿಯ ಬಡಿತ ಪೈಪ್‌ನಲ್ಲಿ ಕೇಳುತ್ತದೆ. ಆಮೇಲೆ ಆ ಸಿಲಿಂಡರ್‌ನ ಇಂಜೆಕ್ಟರ್ ಕನೆಕ್ಟರ್ ಕಿತ್ತೆ. ಟಿಕ್ ಟಿಕ್ ಮುಕ್ಕಾಲು ಪಾಲು ಸತ್ತಿತು. ಟ್ಯಾಪೆಟ್ ಆಗಿದ್ದರೆ ಉರಿ ಇದ್ದರೂ ಇಲ್ಲದಿದ್ದರೂ ಹಾಗೇ ಬಡಿಯಬೇಕಿತ್ತು. ಪ್ಲಗ್ ವೈರ್ ಕಿತ್ತು ಇದನ್ನು ಮಾಡಬೇಡಿ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೇ ಹಾಳು ಮಾಡುತ್ತದೆ.

ಕಣ್ಣಿಗೆ ಕಾಣಿಸಲೇಬೇಕು ಎಂದು ಹಟಕ್ಕೆ ಬಿದ್ದು ಕೊನೆಯ ಪರೀಕ್ಷೆ ಮಾಡಿದೆ. ಎಂಜಿನ್ ಪೂರ್ತಿ ತಣ್ಣಗಿರುವಾಗ ಹೀಟ್ ಶೀಲ್ಡ್ ತೆಗೆದು, ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಬಾಯಿಯನ್ನು ಸೈಲೆನ್ಸರ್ ಪೈಪ್‌ಗೆ ಕೂರಿಸಿದೆ. ಗಾಳಿ ಸೋರದಂತೆ ಕೂರಿಸಿದ ಉಪಾಯ ನನ್ನ ಹತ್ತಿರವೇ ಇರಲಿ. ಮ್ಯಾನಿಫೋಲ್ಡ್ ಸುತ್ತ ಸೋಪಿನ ನೀರು ಚಿಮುಕಿಸಿದೆ. ನಾಲ್ಕನೇ ಪೋರ್ಟ್, ಅಂದರೆ ನಾಲ್ಕನೇ ಸಿಲಿಂಡರ್‌ನ ಹೊಗೆ ಬರುವ ಬಾಯಿಯ ಕೆಳಗೆ ಬುರುಬುರು ನೊರೆ ಎದ್ದಿತು. ಟ್ಯಾಪೆಟ್ ಎಂದಿದ್ದ ಗೆಳೆಯನನ್ನು ಕರೆದು ತೋರಿಸಿದೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ, ಆಮೇಲೆ ಸ್ಪ್ಯಾನರ್ ಹಿಡಿದು ಜೊತೆಗೆ ನಿಂತ.

ಮ್ಯಾನಿಫೋಲ್ಡ್ ಅನ್ನು ಹೆಡ್‌ಗೆ ಬಿಗಿಯುವ ಕೊನೆಯ ಸ್ಟಡ್ (ತಿರುಪಿನ ಕಡ್ಡಿ) ಒಳಗೇ ಮುರಿದಿತ್ತು. ಮ್ಯಾನಿಫೋಲ್ಡ್ ಬಿಸಿಗೆ ಉದ್ದಕ್ಕೆ ಹಿಗ್ಗುತ್ತದೆ, ಎಳೆತವೆಲ್ಲ ಎರಡು ತುದಿಯ ಸ್ಟಡ್‌ಗಳ ಮೇಲೆ ಬೀಳುತ್ತದೆ. ಬಿಸಿಯಲ್ಲಿ ಸಂದು ಕಿರಿದಾಗಿ ಶಬ್ದ ತಗ್ಗುತ್ತಿತ್ತು, ಆದರೆ ಪೂರ್ತಿ ಮುಚ್ಚುತ್ತಿರಲಿಲ್ಲ. ಮುರಿದ ಸ್ಟಡ್‌ಗೆ ಡ್ರಿಲ್ ಹಾಕಿ, ಮುರಿದ ತುಂಡು ತಿರುಗಿಸಿ ತೆಗೆಯುವ ಎಕ್ಸ್‌ಟ್ರಾಕ್ಟರ್ ತೂರಿಸಲು ನಾನು ಒಪ್ಪಲಿಲ್ಲ. ಎಕ್ಸ್‌ಟ್ರಾಕ್ಟರ್ ಒಳಗೆ ಮುರಿದರೆ ಹೆಡ್ ಇಳಿಸುವುದೇ ಗತಿ. ತುದಿಗೆ ನಟ್ ಇಟ್ಟು ವೆಲ್ಡ್ ಮಾಡಿಸಿದೆವು. ಮೊದಲ ನಟ್ ಕಿತ್ತು ಬಂತು, ಎರಡನೆಯದೂ ಬಂತು. ರಾತ್ರಿಯಿಡೀ ನನ್ನದೇ ಒಂದು ಮಿಶ್ರಣ ಹಾಕಿ ನೆನೆಸಿದೆ. ಅದರಲ್ಲಿ ಏನಿದೆ ಎಂದು ಬರೆಯುವುದಿಲ್ಲ. ಮರುದಿನ ಮೂರನೇ ನಟ್‌ಗೆ ಸ್ಟಡ್ ಕಿರ್ ಎಂದು ತಿರುಗಿತು.

ಮ್ಯಾನಿಫೋಲ್ಡ್ ಮುಖದ ಮೇಲೆ ನೇರ ಪಟ್ಟಿ ಇಟ್ಟು ಸಂದು ಅಳೆಯುವ ಫೀಲರ್ ಗೇಜ್ ತೂರಿಸಿದರೆ ನಾಲ್ಕನೇ ಪೋರ್ಟ್ ಕಡೆ 0.4 ಮಿ.ಮೀ.ನಷ್ಟು ಬಾಗಿತ್ತು. ಅದನ್ನು ಹಾಗೇ ಬಿಟ್ಟು ಹೊಸ ಗ್ಯಾಸ್ಕೆಟ್ ಹಾಕಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಸೋರುತ್ತಿತ್ತು. ಮುಖ ಮಟ್ಟ ಮಾಡಿಸಿ, ಸ್ಟಡ್ ಎಲ್ಲ ಹೊಸದು ಹಾಕಿ, ನಡುವಿನಿಂದ ತುದಿಯ ಕಡೆಗೆ ಬಿಗಿದೆ. ಗ್ಯಾಸ್ಕೆಟ್, ಸ್ಟಡ್, ವೆಲ್ಡಿಂಗ್, ಮಷೀನ್ ಕೆಲಸ ಎಲ್ಲ ಸೇರಿ ಆ ಹೊಸ ಆಕ್ಸಿಜನ್ ಸೆನ್ಸರ್‌ಗೆ ಕೊಟ್ಟಷ್ಟೂ ಆಗಲಿಲ್ಲ.

ಟ್ರಿಮ್ ಈಗ ಪ್ಲಸ್ 3ರ ಒಳಗೆ. ಪ್ಲಗ್ ತೆಗೆದು ನೋಡಿದರೆ ತಿಳಿ ಕಂದು. ಮೈಲೇಜ್ ನೂರಕ್ಕೆ ಹತ್ತರಷ್ಟಾದರೂ ಏರಿದೆ. ಕಿವಿಗೊಟ್ಟರೆ ಇಂಜೆಕ್ಟರ್‌ಗಳ ಕಟಕಟ ಮಾತ್ರ ಕೇಳುತ್ತದೆ, ಅದು ಇರಬೇಕಾದದ್ದೇ. ಸೀಟಿನಲ್ಲಿ ಇನ್ನೂ ಸ್ವಲ್ಪ ನಡುಕ ಇದೆ. ಬಲಗಡೆಯ ಎಂಜಿನ್ ಮೌಂಟ್ ಕುಸಿದಿದೆ, ಮುಂದಿನ ಕೆಲಸ ಅದೇ. ಅದಕ್ಕೂ ಮೊದಲು ಎಂಜಿನ್ ಕೆಲವು ಸಲ ಕಾದು ಆರಿದ ಮೇಲೆ, ತಣ್ಣಗಿರುವಾಗ ಮ್ಯಾನಿಫೋಲ್ಡ್ ನಟ್‌ಗಳನ್ನು ಇನ್ನೊಮ್ಮೆ ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ನೋಡಬೇಕು.