ಕೊಟ್ಟಿಗೆಯೊಳಗಿನ ರೈಲು: ಹಳೆಯ ಇಂಟರ್‌ಅರ್ಬನ್ ಬೋಗಿಗಳನ್ನು ಹುಡುಕಿ ಗುರುತಿಸಿದ ನನ್ನ ಅನುಭವ

ಅಮೆರಿಕದ ಇಂಡಿಯಾನಾ ರಾಜ್ಯದ ಇಂಡಿಯಾನಾಪೊಲಿಸ್‌ನಿಂದ ಈಶಾನ್ಯಕ್ಕೆ ಒಂದು ಗಂಟೆಯ ದಾರಿಯಲ್ಲಿ, ಮುಸುಕಿನಜೋಳದ ಹೊಲವೊಂದರ ಅಂಚಿಗೆ ನಿಂತಿದ್ದ ಉದ್ದನೆಯ ಕೊಟ್ಟಿಗೆಯೊಂದನ್ನು ಎರಡು ವರ್ಷಗಳ ಕಾಲ ಕೆಲಸಕ್ಕೆ ಹೋಗುವಾಗಲೆಲ್ಲ ನೋಡಿದ್ದೆನಾದರೂ ಅದರತ್ತ ಗಮನ ಹರಿಸಿರಲಿಲ್ಲ. ಮೂರನೆಯ ಚಳಿಗಾಲದಲ್ಲಿ ಗಾಳಿಗೆ ಅದರ ಹೊರಗೋಡೆಯ ತಗಡಿನ ಒಂದು ಹಾಳೆ ಕಿತ್ತುಬಿದ್ದು, ಒಳಗಿನಿಂದ ಕಮಾನಿನಾಕಾರದ ಕಿಟಕಿಯ ಮೇಲ್ಭಾಗವೂ ಅದರ ಕೆಳಗೆ ಜೋಡಿಯಾಗಿ ನಿಂತ ಎರಡು ಕಿಟಕಿಗಳೂ ಕಾಣಿಸಿದವು. ದನಕ್ಕಾಗಲಿ ಕೋಳಿಗಾಗಲಿ ಯಾರೂ ಅಂಥ ಕಿಟಕಿ ಮಾಡಿಸುವುದಿಲ್ಲ. ಆ ದಿನ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದಾಗ ಆರಂಭವಾದ ಹವ್ಯಾಸಕ್ಕೆ ಈಗ ಹನ್ನೊಂದು ವರ್ಷ.

ಇಂಟರ್‌ಅರ್ಬನ್ ಎಂದರೆ ಊರಿನಿಂದ ಊರಿಗೆ ಓಡುತ್ತಿದ್ದ ವಿದ್ಯುತ್ ರೈಲು. ಊರೊಳಗೆ ಟ್ರಾಮಿನಂತೆ ಬೀದಿಯ ನಡುವೆಯೇ ಸಾಗಿ, ಊರು ದಾಟಿದೊಡನೆ ಹೊಲಗಳ ನಡುವಿನ ಸ್ವಂತ ಹಳಿಯ ಮೇಲೆ ವೇಗ ಹಿಡಿಯುವುದು ಅದರ ಕ್ರಮ. ಈ ಹೆಸರನ್ನು ಬಳಕೆಗೆ ತಂದ ಶ್ರೇಯಸ್ಸನ್ನು ಇಂಡಿಯಾನಾದ ಆ್ಯಂಡರ್‌ಸನ್ ಪಟ್ಟಣದ ಚಾರ್ಲ್ಸ್ ಹೆನ್ರಿಗೆ ಕೊಡುವುದು ವಾಡಿಕೆ. ಆ್ಯಂಡರ್‌ಸನ್ನಿಂದ ಅಲೆಕ್ಸಾಂಡ್ರಿಯಾಕ್ಕೆ ಅವರ ಮಾರ್ಗ 1898ರಲ್ಲಿ ತೆರೆಯಿತು. ಈ ರೈಲುಗಳ ಉಚ್ಛ್ರಾಯದ ಕಾಲದಲ್ಲಿ ನೆರೆಯ ಒಹಾಯೋ ರಾಜ್ಯದಲ್ಲಿ ಸುಮಾರು 2,800 ಮೈಲಿ, ಇಂಡಿಯಾನಾದಲ್ಲಿ ಸುಮಾರು 1,800 ಮೈಲಿ ಹಳಿ ಇತ್ತು. 1904ರಲ್ಲಿ ಕಟ್ಟಿದ ಇಂಡಿಯಾನಾಪೊಲಿಸ್‌ನ ಟರ್ಮಿನಲ್ಲಿನಲ್ಲಿ ಒಂದೇ ಸೂರಿನ ಕೆಳಗೆ ಒಂಬತ್ತು ಹಳಿಗಳಿದ್ದವು. ಮೋಟಾರು ಕಾರು, ಬಸ್ಸು, ಡಾಂಬರು ರಸ್ತೆಗಳ ಮುಂದೆ ಇದೆಲ್ಲ ನಿಲ್ಲಲಿಲ್ಲ. 1920ರ ದಶಕದ ಕೊನೆಯಿಂದ ಒಂದೊಂದೇ ಮಾರ್ಗ ಮುಚ್ಚುತ್ತ ಬಂದು, ಇಂಡಿಯಾನಾಪೊಲಿಸ್–ಫೋರ್ಟ್ ವೇಯ್ನ್ ನಡುವಿನ ಕೊನೆಯ ಸಂಚಾರ 1941ರ ಜನವರಿಯಲ್ಲಿ ನಿಂತಿತು.

ಹೊಲದಲ್ಲಿ ಬೋಗಿಗಳು ಏಕೆ ಸಿಗುತ್ತವೆ ಎಂಬುದಕ್ಕೆ ಉತ್ತರ ಈ ಮುಚ್ಚುವಿಕೆಯಲ್ಲಿಯೇ ಇದೆ. ಕನ್ನಡದಲ್ಲಿ ನಾವು ಬೋಗಿ ಎಂದು ಕರೆಯುವುದು ಇಡೀ ಡಬ್ಬಿಯನ್ನು. ರೈಲು ಎಂಜಿನಿಯರುಗಳಿಗಾದರೋ ಬೋಗಿ ಎಂದರೆ ಡಬ್ಬಿಯ ಕೆಳಗಿರುವ ಚಕ್ರಗಳ ಚೌಕಟ್ಟು ಮಾತ್ರ. ಮಾರ್ಗ ಮುಚ್ಚಿದ ಕಂಪನಿಗೆ ಆ ಕೆಳಗಿನದರಿಂದಲೇ ಹಣ: ಚಕ್ರದ ಚೌಕಟ್ಟು, ಮೋಟಾರು, ತಾಮ್ರದ ತಂತಿ ಎಲ್ಲವೂ ಗುಜರಿಗೆ ಹೋಗುತ್ತಿದ್ದವು. ಮೇಲಿನ ಮರದ ಮೈಗೆ ಬೆಲೆ ಇರಲಿಲ್ಲ. ಅನೇಕವನ್ನು ಅಂಗಳದಲ್ಲಿಯೇ ಸುಟ್ಟು, ಬೂದಿಯಿಂದ ಕಬ್ಬಿಣವನ್ನು ಆರಿಸಿಕೊಂಡರು. ಉಳಿದವನ್ನು ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ರೈತರು ಅಗ್ಗಕ್ಕೆ ಕೊಂಡು ಕೋಳಿಗೂಡು, ಉಪಕರಣಗಳ ಕೋಣೆ, ಕೆರೆಯ ದಂಡೆಯ ಬೇಸಿಗೆ ಮನೆ, ಕೆಲವೊಮ್ಮೆ ವಾಸದ ಮನೆಯನ್ನೇ ಮಾಡಿಕೊಂಡರು. ಹಾಗಾಗಿ ಇಂದು ಸಿಗುವುದು ಕಾಲಿಲ್ಲದ ಮೈ. ಅದರ ಗುರುತನ್ನು ಮರದ ಕೆಲಸದಿಂದಲೇ ಹಿಡಿಯಬೇಕು.

ಹುಡುಕಾಟವನ್ನು ನಾನು ನಕ್ಷೆಯಿಂದ ಆರಂಭಿಸುತ್ತೇನೆ. ಅಮೆರಿಕದ ಭೂವಿಜ್ಞಾನ ಸಮೀಕ್ಷೆಯ ಹಳೆಯ ನಕ್ಷೆಗಳಲ್ಲಿಯೂ, ಬೆಂಕಿ ವಿಮೆಗಾಗಿ ತಯಾರಾದ ಸ್ಯಾನ್‌ಬಾರ್ನ್ ನಕ್ಷೆಗಳಲ್ಲಿಯೂ ಈ ಮಾರ್ಗಗಳು, ನಿಲ್ದಾಣಗಳು, ದುರಸ್ತಿ ಅಂಗಳಗಳು ಕಾಣಸಿಗುತ್ತವೆ. ಐವತ್ತು ಅಡಿ ಉದ್ದದ ಡಬ್ಬಿಯನ್ನು ಬಹಳ ದೂರ ಸಾಗಿಸುವುದು ಯಾರಿಗೂ ಸುಲಭವಲ್ಲವಾದ್ದರಿಂದ, ಹಳೆಯ ಮಾರ್ಗದಿಂದ, ಅದರಲ್ಲಿಯೂ ದುರಸ್ತಿ ಅಂಗಳದಿಂದ, ಕೆಲವೇ ಮೈಲಿಗಳ ಒಳಗೆ ಹುಡುಕುವುದು ಲಾಭಕರ. ಅನಂತರ ಕೌಂಟಿಯ, ಅಂದರೆ ಅಲ್ಲಿನ ಜಿಲ್ಲೆಯ, ಆಸ್ತಿ ತೆರಿಗೆಯ ದಾಖಲೆಗಳಲ್ಲಿ ಪ್ರತಿ ಕಟ್ಟಡದ ಅಳತೆಯನ್ನು ನೋಡುತ್ತೇನೆ. ಒಂಬತ್ತು ಅಡಿ ಅಗಲ, ಐವತ್ತರ ಮೇಲೆ ಉದ್ದ ಎಂದು ಬರೆದ ಕೊಟ್ಟಿಗೆ ಕಂಡರೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತೇನೆ, ಏಕೆಂದರೆ ಬಡಗಿಯೊಬ್ಬ ಮನಸ್ಸಿನಿಂದ ಕಟ್ಟುವ ಕೊಟ್ಟಿಗೆಗೆ ಅಂಥ ಅಳತೆ ಇರುವುದಿಲ್ಲ. ಸುತ್ತಾಟಕ್ಕೆ ಎಲೆ ಉದುರಿದ ನವೆಂಬರಿನಿಂದ ಮಾರ್ಚಿನವರೆಗಿನ ಕಾಲವೇ ಸರಿ. ಬೇಸಿಗೆಯಲ್ಲಿ ಗಿಡಗಂಟಿಗಳು ಎಲ್ಲವನ್ನೂ ಮುಚ್ಚಿಬಿಡುತ್ತವೆ, ಉಣ್ಣಿಗಳ ಕಾಟವೂ ಹೆಚ್ಚು.

ಅಪರಿಚಿತರ ಜಮೀನಿಗೆ ಹೇಳದೆ ಕಾಲಿಡಬಾರದು ಎಂಬುದು ಎಲ್ಲ ಊರಿಗೂ ಸಲ್ಲುವ ಮಾತಾದರೂ, ಹಳ್ಳಿಗಾಡಿನಲ್ಲಿ ನನ್ನಂಥ ಮುಖ ಬಾಗಿಲು ತಟ್ಟಿದರೆ ಮನೆಯವರು ಮೊದಲು ಯೋಚಿಸುವುದು ರೈಲಿನ ಬಗೆಗಂತೂ ಅಲ್ಲ. ಆದ್ದರಿಂದ ಮೊದಲು ಒಂದು ಕಾಗದ ಬರೆದು, ಹಳೆಯ ಬೋಗಿಯ ಚಿತ್ರವೊಂದನ್ನು ಅದರೊಡನೆ ಅಂಚೆಗೆ ಹಾಕುತ್ತೇನೆ. ಉತ್ತರ ಬಂದ ಮೇಲಷ್ಟೇ ಭೇಟಿ. ಉತ್ತರ ಬಾರದ ಕಡೆ ರಸ್ತೆಯಿಂದ ಕಂಡಷ್ಟಕ್ಕೆ ತೃಪ್ತಿಪಟ್ಟಿದ್ದೇನೆ.

ನನ್ನ ಮೊದಲ ತಪ್ಪನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಉತ್ತರ ಇಂಡಿಯಾನಾದ ಒಂದು ಸಣ್ಣ ಕೆರೆಯ ದಂಡೆಯ ಮನೆಯ ಅಟ್ಟ ಹತ್ತಿದಾಗ, ಹೊಸ ಇಳಿಜಾರು ಮಾಡಿನ ಕೆಳಗೆ ಡಬ್ಬಿಯ ಮೂಲ ಛಾವಣಿ ಹಾಗೆಯೇ ಇತ್ತು. ನಡುವೆ ಎತ್ತರಿಸಿ, ಆ ಎತ್ತರದ ಎರಡೂ ಬದಿಗೆ ಬೆಳಕಿನ ಸಣ್ಣ ಕಿಟಕಿಗಳನ್ನು ಇಟ್ಟಿದ್ದ ಛಾವಣಿ ಅದು. ಅಷ್ಟನ್ನೇ ನಂಬಿ, ಇಂಟರ್‌ಅರ್ಬನ್ ಸಿಕ್ಕಿತೆಂದು ಹವ್ಯಾಸಿ ಗೆಳೆಯರಿಗೆಲ್ಲ ಬರೆದೆ. ಅವರಲ್ಲಿ ಒಬ್ಬರು ಅಗಲ ಎಷ್ಟು ಎಂದು ಮಾತ್ರ ಕೇಳಿದರು. ಮರಳಿ ಹೋಗಿ ಅಳೆದರೆ ಹತ್ತಡಿಗೆ ಸ್ವಲ್ಪ ಕಡಿಮೆ. ಎರಡೂ ತುದಿಗಳು ಚೌಕ. ಅದು ಉಗಿಬಂಡಿಯ ಹಿಂದೆ ಓಡಿದ ಸಾಮಾನ್ಯ ರೈಲು ಡಬ್ಬಿ. ಆ ಬಗೆಯ ಛಾವಣಿ ಆ ಕಾಲದ ಬಹುತೇಕ ರೈಲುಗಳಿಗೂ ಇತ್ತು. ಇಂಟರ್‌ಅರ್ಬನ್ ಬೋಗಿ ಊರಿನ ಬೀದಿಗಳಲ್ಲಿ ಮೂಲೆ ತಿರುಗಬೇಕಾಗಿದ್ದರಿಂದ ಅದರ ತುದಿ ದುಂಡಾಗಿಯೋ ಒಳಕ್ಕೆ ಸಪೂರವಾಗಿಯೋ ಇರುತ್ತಿತ್ತು, ಅಗಲವೂ ಸಾಮಾನ್ಯವಾಗಿ ಒಂಬತ್ತು ಅಡಿಯ ಆಸುಪಾಸಿನಲ್ಲಿಯೇ ಉಳಿಯುತ್ತಿತ್ತು. ಅಂದಿನಿಂದ ಟೇಪು ತೆಗೆಯುವ ಮೊದಲು ಬಾಯಿ ತೆರೆಯುವುದನ್ನು ಬಿಟ್ಟಿದ್ದೇನೆ.

ಜೋಳದ ಹೊಲದ ಕೊಟ್ಟಿಗೆಗೆ ಬರುತ್ತೇನೆ. ಅದರ ಒಡತಿ ಎಂಬತ್ತು ದಾಟಿದ ಹಿರಿಯರು. ಮಾವನವರು ಅದನ್ನು ಕುದುರೆಗಳಿಂದ ಎಳೆಸಿ ತಂದರೆಂದೂ, ಅದು ಫೋರ್ಟ್ ವೇಯ್ನ್ ಕಡೆ ಓಡುತ್ತಿತ್ತೆಂದೂ ಹೇಳಿದರು. ಮನೆತನದ ಇಂಥ ನೆನಪನ್ನು ನಾನು ಅಕ್ಕರೆಯಿಂದ ಬರೆದುಕೊಳ್ಳುತ್ತೇನಾದರೂ, ಪುರಾವೆಗಳ ಸಾಲಿನಲ್ಲಿ ಕೊನೆಗೆ ಇಡುತ್ತೇನೆ. ಒಂದು ತುದಿಯನ್ನು ಟ್ರ್ಯಾಕ್ಟರು ನುಗ್ಗಲೆಂದು ಎಂದೋ ಕತ್ತರಿಸಿಹಾಕಿದ್ದರು. ಆದ್ದರಿಂದ ಒಟ್ಟು ಉದ್ದ ಎಂಬ ಬಹುಮುಖ್ಯ ಅಳತೆ ನನಗೆ ದಕ್ಕಲಿಲ್ಲ. ಉಳಿದ ತುದಿ ದುಂಡಗಿತ್ತು.

ಮೊದಲು ಕೆಳಗೆ ತೂರಿದೆ. ಡಬ್ಬಿಯ ತಳದ ಚೌಕಟ್ಟಿನಲ್ಲಿ ಉಕ್ಕಿನ ತೊಲೆಗಳ ಎರಡೂ ಮಗ್ಗುಲಿಗೆ ಮರವನ್ನು ಒತ್ತಿ ಬೋಲ್ಟು ಹಾಕಿದ್ದರು, ಡಬ್ಬಿ ನಡುವೆ ಬಾಗದಂತೆ ಎಳೆದು ಹಿಡಿಯುವ ಕಬ್ಬಿಣದ ಸರಳುಗಳ ತುಂಡುಗಳು ಇನ್ನೂ ನೇತಾಡುತ್ತಿದ್ದವು. ಆದರೆ ನನಗೆ ಖುಷಿ ಕೊಟ್ಟದ್ದು ಮೇಲೆ ನೆಲದಲ್ಲಿದ್ದ ಮುಚ್ಚಳಗಳು. ಹುಲ್ಲು, ಗೊಬ್ಬರದ ಪುಡಿಗಳನ್ನು ಗುಡಿಸಿದಾಗ ಉಳಿದ ತುದಿಯ ಬಳಿ ಎರಡು, ಕತ್ತರಿಸಿದ ತುದಿಯ ಬಳಿ ಎರಡು ಚೌಕ ಮುಚ್ಚಳಗಳು ಹಿತ್ತಾಳೆಯ ಉಂಗುರಗಳೊಡನೆ ಬೆಳಕಿಗೆ ಬಂದವು. ಕೆಳಗಿನ ಮೋಟಾರುಗಳನ್ನು ಮೇಲಿನಿಂದ ನೋಡಿ ಎಣ್ಣೆ ಬಿಡಲು ಇಂಥ ಮುಚ್ಚಳ ಬೇಕು. ಉಗಿರೈಲಿನ ಡಬ್ಬಿಗೆ ಅದರ ಅಗತ್ಯವೇ ಇಲ್ಲ. ನಾಲ್ಕು ಮೋಟಾರುಗಳ ಬೋಗಿ ಎಂಬುದು ಹೀಗೆ ಖಚಿತವಾಯಿತು. ದುಂಡನೆಯ ತುದಿಯ ಒಂದು ಮೂಲೆಯಲ್ಲಿ ಛಾವಣಿಗೆ ಹೊಗೆಕೊಳವೆಯ ತೂತೂ ನೆಲದ ಮೇಲೆ ತಗಡಿನ ಹೊದಿಕೆಯೂ ಇದ್ದವು. ಕಲ್ಲಿದ್ದಲಿನಿಂದ ನೀರು ಕಾಯಿಸಿ ಇಡೀ ಡಬ್ಬಿಯನ್ನು ಬೆಚ್ಚಗಿಡುವ ಒಲೆಗೆ ಅದು ಜಾಗ. ಒಳಗೆ ಅಡ್ಡಗೋಡೆಯೊಂದು ಅರ್ಧ ಉಳಿದಿತ್ತು. ಆಚೆಗಿನ ಸಣ್ಣ ಭಾಗ ಧೂಮಪಾನಿಗಳದು. ಅಡ್ಡಗೋಡೆಯ ಮಹಾಗನಿ ಹಲಗೆಯಲ್ಲಿ ಬೇರೆ ಬಣ್ಣದ ಮರವನ್ನು ಕೊರೆದು ಕೂರಿಸಿದ ಬಳ್ಳಿಯ ಕುಸುರಿ, ಕೋಳಿಗಳ ಇಪ್ಪತ್ತು ವರ್ಷಗಳ ವಾಸದ ನಂತರವೂ ಒದ್ದೆ ಬಟ್ಟೆಗೆ ಹೊಳೆಯಿತು. ಮೈಸೂರಿನ ರೈಲು ವಸ್ತುಸಂಗ್ರಹಾಲಯದ ಮಹಾರಾಣಿಯ ಸಲೂನನ್ನು ಚಿಕ್ಕಂದಿನಲ್ಲಿ ಕಿಟಕಿಯಿಂದ ಇಣುಕಿ ನೋಡಿದವನಿಗೆ, ಇಲ್ಲಿ ಸಾಮಾನ್ಯ ಪ್ರಯಾಣಿಕರಿಗೂ ಇಂಥ ಮರಗೆಲಸ ಸಲ್ಲುತ್ತಿತ್ತೇ ಎಂದು ಬೆರಗಾದದ್ದು ನಿಜ.

ಕಿಟಕಿಯ ಹಿತ್ತಾಳೆ ಹಿಡಿಕೆ, ಬಾಗಿಲಿನ ಚಿಲಕ, ಆಸನದ ಕಬ್ಬಿಣದ ಕಾಲು ಇವುಗಳ ಮೇಲೆ ಕಂಪನಿಯ ಹೆಸರು ಅಚ್ಚಾಗಿದ್ದರೆ ಹೊಸಬರು ಹಿಗ್ಗುತ್ತಾರೆ. ಆ್ಯಡಮ್ಸ್ ಅಂಡ್ ವೆಸ್ಟ್‌ಲೇಕ್‌ನಂಥ ತಯಾರಕರು ಎಲ್ಲ ಕಾರ್ಖಾನೆಗಳಿಗೂ ಇವನ್ನು ಮಾರುತ್ತಿದ್ದರು. ಅವುಗಳಿಂದ ಡಬ್ಬಿ ಕಟ್ಟಿದವರು ಯಾರೆಂದು ತಿಳಿಯದು. ನಿಜವಾಗಿ ಮಾತನಾಡುವುದು ಕಿಟಕಿಗಳ ಲಯ. ಒಂಟಿ ಕಿಟಕಿ ಎಲ್ಲಿ, ಜೋಡಿ ಎಲ್ಲಿ, ಕಂಬದಿಂದ ಕಂಬಕ್ಕೆ ಎಷ್ಟು ಅಂಗುಲ, ಅಡ್ಡಗೋಡೆ ಎಷ್ಟನೆಯ ಕಂಬಕ್ಕೆ ಬರುತ್ತದೆ, ಸಾಮಾನಿನ ಅಗಲ ಬಾಗಿಲು ಇದೆಯೇ ಇಲ್ಲವೇ ಎಂಬುದನ್ನೆಲ್ಲ ಎರಡೂ ಬದಿಯಿಂದ ಅಳೆದು, ಚೌಕಳಿ ಹಾಳೆಯ ಮೇಲೆ ನಕ್ಷೆ ಬರೆದೆ. ಆ ನಕ್ಷೆಯನ್ನು ಇಟ್ಟುಕೊಂಡು ‘ಸ್ಟ್ರೀಟ್ ರೈಲ್ವೇ ಜರ್ನಲ್’ ಎಂಬ ವೃತ್ತಿಪತ್ರಿಕೆಯ ಹಳೆಯ ಸಂಚಿಕೆಗಳನ್ನು ಮಗುಚಿದೆ. 1908ರ ನಂತರ ಅದು ‘ಎಲೆಕ್ಟ್ರಿಕ್ ರೈಲ್ವೇ ಜರ್ನಲ್’ ಆಯಿತು. ಹೊಸ ಬೋಗಿಗಳ ಛಾಯಾಚಿತ್ರ, ನೆಲದ ನಕ್ಷೆ, ಅಳತೆಗಳನ್ನು ಕಾರ್ಖಾನೆಗಳು ಅದರಲ್ಲಿ ಹೆಮ್ಮೆಯಿಂದ ಅಚ್ಚುಹಾಕಿಸುತ್ತಿದ್ದವು. ಒಹಾಯೋದ ನೈಲ್ಸ್, ಕ್ಲೀವ್‌ಲ್ಯಾಂಡಿನ ಕುಹ್ಲ್‌ಮನ್, ಸಿನ್‌ಸಿನಾಟಿ ಕಾರ್ ಕಂಪನಿ, ಸೇಂಟ್ ಲೂಯಿಸ್ ಕಾರ್ ಕಂಪನಿಗಳ ಚಿತ್ರಗಳನ್ನು ನಾಲ್ಕು ವಾರಾಂತ್ಯಗಳ ಕಾಲ ನೋಡಿ ತಳ್ಳಿಹಾಕಿದ ಮೇಲೆ, ಒಹಾಯೋದ ನ್ಯೂವಾರ್ಕಿನಲ್ಲಿದ್ದ ಜ್ಯೂವೆಟ್ ಕಂಪನಿಯ ಒಂದು ಚಿತ್ರದಲ್ಲಿ ನನ್ನ ಹಾಳೆಯ ಕಿಟಕಿಗಳು ಒಂದೊಂದಾಗಿ ಕೂತವು.

ಸಂಖ್ಯೆಯ ಕಥೆ ಬೇರೆ. ತುದಿಯ ಬಾಗಿಲಿನ ಮೇಲೆ ಒಳಗೆ ಚಿನ್ನದ ರೇಕಿನಲ್ಲಿ ಬರೆದ ಸಂಖ್ಯೆಯ ಮೇಲೆ ನಾಲ್ಕಾರು ಪದರ ಬಣ್ಣ ಬಿದ್ದಿತ್ತು. ಹಳೆಯ ಬಣ್ಣದಲ್ಲಿ ಸೀಸ ಇರುವುದರಿಂದ ಒಣಗಿದ್ದನ್ನು ಉಜ್ಜುವುದು ಅಪಾಯ. ಮುಖಗವಸು ಹಾಕಿಕೊಂಡು, ನೀರು ತಾಗಿಸುತ್ತ, ಅಂಗೈ ಅಗಲದ ಜಾಗವನ್ನಷ್ಟೇ ನಯವಾದ ಕಾಗದದಿಂದ ತೀಡಬೇಕು. ಅದಕ್ಕಿಂತ ಒಳ್ಳೆಯ ಉಪಾಯವೊಂದಿದೆ. ಕತ್ತಲಾದ ಮೇಲೆ ಟಾರ್ಚನ್ನು ಹಲಗೆಗೆ ತಾಗಿಸಿದಂತೆ ಹಿಡಿದು ಬೆಳಕನ್ನು ಓರೆಯಾಗಿ ಹಾಯಿಸಿದರೆ, ಬಣ್ಣದ ಕೆಳಗಿನ ಅಕ್ಷರಗಳ ಅಂಚು ನೆರಳಾಗಿ ಎದ್ದು ಬರುತ್ತದೆ. ನನಗೆ ಮೂರು ಅಂಕಿಗಳಲ್ಲಿ ಎರಡು ಹೀಗೆ ದೊರೆತವು. ಮೂರನೆಯದಕ್ಕೆ ಕಿಟಕಿಗಳನ್ನು ಬಿಚ್ಚಿ ಅವುಗಳ ಚೌಕಟ್ಟಿನ ಅಂಚು ನೋಡಿದೆ. ಪ್ರತಿ ಕಿಟಕಿಯನ್ನು ಅದರದೇ ಜಾಗಕ್ಕೆ ಹೊಂದಿಸಿ ತಯಾರಿಸುತ್ತಿದ್ದರಿಂದ, ಮರೆಯಾಗುವ ಅಂಚಿನಲ್ಲಿ ಬೋಗಿಯ ಸಂಖ್ಯೆಯನ್ನು ಒತ್ತುವುದಿತ್ತು. ನಾನು ನೋಡಿದ ಹನ್ನೊಂದರಲ್ಲಿ ಒಂಬತ್ತು ಒಂದೇ ಸಂಖ್ಯೆಯನ್ನು ಹೇಳಿದವು, ಉಳಿದೆರಡು ಬೇರೆಯದನ್ನು. ದುರಸ್ತಿ ಅಂಗಳದಲ್ಲಿ ಒಂದರ ಕಿಟಕಿ ಇನ್ನೊಂದಕ್ಕೆ ಹೋಗುವುದು ಸಹಜ. ನಾನು ಮೊದಲು ಬಿಚ್ಚಿದ್ದು ಆ ಎರಡರಲ್ಲಿ ಒಂದನ್ನು ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅಲ್ಲಿಗೇ ನಿಲ್ಲಿಸಿದ್ದರೆ ತಪ್ಪು ಹೆಸರಿನಲ್ಲಿ ಈ ಬೋಗಿ ಶಾಶ್ವತವಾಗಿ ದಾಖಲಾಗುತ್ತಿತ್ತು.

ಸಂಖ್ಯೆ ಸಿಕ್ಕಿತೆಂದು ಕೆಲಸ ಮುಗಿಯುವುದಿಲ್ಲ. ಕಂಪನಿಗಳು ಒಂದನ್ನೊಂದು ನುಂಗುತ್ತ ಹೋದಂತೆ ಬೋಗಿಗಳಿಗೆ ಹೊಸ ಸಂಖ್ಯೆ ಬರುತ್ತಿತ್ತು. ಒಂದೇ ಸಂಖ್ಯೆ ಎರಡು ಕಂಪನಿಗಳ ಪಟ್ಟಿಯಲ್ಲಿ ಇರುವುದೂ ಉಂಟು. ನನ್ನದಕ್ಕೂ ಅದೇ ಆಯಿತು. ಕಿಟಕಿಗಳ ಲಯ ಹೊಂದಿದ್ದು ಒಂದು ಕಂಪನಿಯ ಬೋಗಿಗೆ ಮಾತ್ರ, ಅದರ ಮಾರ್ಗ ಫೋರ್ಟ್ ವೇಯ್ನ್‌ಗೆ ಹೋಗುತ್ತಿರಲಿಲ್ಲ. ಹಿರಿಯರಿಗೆ ಇದನ್ನು ಹೇಳಿದಾಗ, “ಮಾವನವರು ಬೇರೆ ವಿಷಯಗಳಲ್ಲಿಯೂ ಹೀಗೆಯೇ,” ಎಂದು ನಕ್ಕರು. ಸಂಖ್ಯೆಯನ್ನಾಗಲಿ ಕಂಪನಿಯನ್ನಾಗಲಿ ನಾನು ಇಲ್ಲಿ ಬರೆಯುತ್ತಿಲ್ಲ. ಅವು ತಿಳಿದರೆ ಜಾಗ ಹುಡುಕುವುದು ಕಷ್ಟವಲ್ಲ, ಹಿತ್ತಾಳೆಗಾಗಿ ಬರುವವರು ಕಿಟಕಿಯ ಲಯ ನೋಡುವವರಲ್ಲ.

ಇಂಥ ಬೋಗಿಗಳಲ್ಲಿ ಅದೃಷ್ಟವಂತವಾದವು ಕೆಲವೇ. ಇಲಿನಾಯ್ ರಾಜ್ಯದ ಯೂನಿಯನ್ ಊರಿನಲ್ಲಿರುವ ರೈಲ್ವೇ ಮ್ಯೂಸಿಯಂನಲ್ಲಿ ಇಂಡಿಯಾನಾ ರೈಲ್‌ರೋಡಿನ 65ನೆಯ ಸಂಖ್ಯೆಯ ಬೋಗಿ ಇದೆ; 1931ರಲ್ಲಿ ತಯಾರಾದ ಹಗುರ ಮೈಯ ಆ ಬೋಗಿ ಮಾರ್ಗ ಮುಚ್ಚಿದ ಮೇಲೆ ಅಯೋವಾದಲ್ಲಿ ಬೇರೆ ಕಂಪನಿಗೆ ದುಡಿದು ಉಳಿದುಕೊಂಡಿತು. ಮರದ ಮೈಯವಕ್ಕೆ ಆ ಯೋಗ ಕಡಿಮೆ. ನಾನು ಈವರೆಗೆ ಖಚಿತವಾಗಿ ಗುರುತಿಸಿದ್ದು ಏಳನ್ನು, ಅವುಗಳಲ್ಲಿ ಎರಡು ಈಗಾಗಲೇ ಇಲ್ಲ.

ಜೋಳದ ಹೊಲದ ಬೋಗಿ ನಿಂತಲ್ಲಿಯೇ ಇದೆ. ಕಿತ್ತುಬಿದ್ದ ತಗಡನ್ನು ಒಡತಿಯ ಮೊಮ್ಮಗನೊಡನೆ ಸೇರಿ ಮರಳಿ ಹೊಡೆದೆವು, ಮಳೆನೀರು ಒಳಗಿಳಿಯದಿರಲೆಂದು ಛಾವಣಿಯ ಅಂಚಿಗೆ ಟಾರ್ಪಾಲು ಕಟ್ಟಿದೆವು. ಕತ್ತರಿಸಿದ ತುದಿಯಲ್ಲಿ ಬಾಗಿಲು ಎಡಕ್ಕಿತ್ತೋ ನಡುವೆ ಇತ್ತೋ ಎಂಬುದೊಂದು ಉಳಿದಿದೆ. ಅಲ್ಲಿನ ತೊಲೆಯ ಮೊಳೆ ತೂತುಗಳನ್ನು ನೋಡಿದರೆ ತಿಳಿದೀತು, ಆದರೆ ಅದರ ಕೆಳಗೆ ಹೆದರಿದರೆ ದುರ್ವಾಸನೆಯ ದ್ರವ ಚಿಮ್ಮಿಸುವ ಸ್ಕಂಕ್ ಎಂಬ ಪ್ರಾಣಿಯೊಂದು ಮರಿ ಹಾಕಿಕೊಂಡಿದೆ. ಅದು ಜಾಗ ಬಿಡುವವರೆಗೆ ನಾನು ಕೆಳಗೆ ತೂರುವವನಲ್ಲ.