ಮೆಣಸಿನ ಬಳ್ಳಿ ಸಾಕಿದವರಿಗೆ ಮಾನ್‌ಸ್ಟೆರಾ ಹೊಸದಲ್ಲ

ಸೀಳೆಲೆಯ ಮಾನ್‌ಸ್ಟೆರಾ ಈಗ ಕಾರವಾರದ ಫ್ಲ್ಯಾಟುಗಳಲ್ಲೂ ಇದೆ, ಶಿರಸಿ ಕಡೆಯ ಜಗುಲಿಗಳಲ್ಲೂ ಇದೆ. ದಕ್ಷಿಣ ಮೆಕ್ಸಿಕೊದಿಂದ ಪನಾಮಾವರೆಗಿನ ಕಾಡು ಇದರ ತವರು. ಅಲ್ಲಿ ದೊಡ್ಡ ಮರಗಳ ನೆರಳಲ್ಲಿ ಬೇರೂರಿ, ಕಾಂಡಕ್ಕೆ ಅಂಟಿ ಮೇಲೇರುತ್ತದೆ. ನಮ್ಮ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸು ಬದುಕುವುದೂ ಹೀಗೆಯೇ. ಎರಡೂ ನೆರಳು ಕೇಳುತ್ತವೆ, ಆಧಾರ ಕೇಳುತ್ತವೆ, ಬುಡದಲ್ಲಿ ನೀರು ನಿಂತರೆ ಸಾಯುತ್ತವೆ.

ಮೊದಲು ಬುಡದ ವಿಷಯ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣನ್ನು ಬರೀ ಹಾಗೇ ಕುಂಡಕ್ಕೆ ತುಂಬಿದರೆ ಎರಡು ತಿಂಗಳಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ, ಒಂದು ಪಾಲು ಇದ್ದಿಲ ಚೂರು, ಒಂದು ಪಾಲು ಕಡಲೆಕಾಳಿನ ಗಾತ್ರಕ್ಕೆ ಒಡೆದ ಹಳೇ ಹಂಚು, ಇಷ್ಟು ಕಲಸಿ. ನಾರಿನ ಪುಡಿಯಲ್ಲಿ ಉಪ್ಪಿನಂಶ ಇರುತ್ತದೆ. ರಾತ್ರಿ ನೆನೆಹಾಕಿ, ನೀರು ಬದಲಿಸುತ್ತ ಮೂರು ಸಲ ಹಿಂಡಿಯೇ ಬಳಸಿ. ಕಡಲ ದಂಡೆಯ ಮರಳು ಬೇಡವೇ ಬೇಡ. ಕುಂಡದ ತಳಕ್ಕೆ ಕಲ್ಲು ಹಾಸುವ ರೂಢಿ ಎಲ್ಲರಲ್ಲೂ ಇದೆ, ಅದರಿಂದ ಉಪಕಾರವಿಲ್ಲ. ನೀರು ಕಲ್ಲಿನ ಮೇಲಿನ ಮಣ್ಣಿನಲ್ಲೇ ತಡೆದು ನಿಲ್ಲುವುದರಿಂದ ತೇವವು ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು. ಕುಂಡ ಬೇರಿನ ಗಡ್ಡೆಗಿಂತ ಎರಡು ಇಂಚಷ್ಟೇ ಅಗಲವಿರಲಿ. ಗಿಡ ದೊಡ್ಡದಾಗುತ್ತದಲ್ಲ ಎಂದು ಈಗಲೇ ಹಂಡೆಯಂಥ ಕುಂಡ ತರಬೇಡಿ, ಬೇರು ಮುಟ್ಟದ ಮಣ್ಣು ಒಣಗುವುದೇ ಇಲ್ಲ.

ನೀರಿಗೆ ವಾರದ ಲೆಕ್ಕ ಇಟ್ಟುಕೊಂಡರೆ ಕೆಟ್ಟಿತು. ಬೆರಳನ್ನು ಎರಡು ಇಂಚು ಒಳಗೆ ಇಳಿಸಿ, ಒಣಗಿದ್ದರೆ ಮಾತ್ರ ತಳದಿಂದ ಹರಿಯುವಷ್ಟು ಹಾಕಿ, ತಟ್ಟೆಯ ನೀರು ಚೆಲ್ಲಿ (ಬಿಟ್ಟರೆ ಸೊಳ್ಳೆಗೂ ಅದೇ ತೊಟ್ಟಿಲು). ಏಪ್ರಿಲ್‌–ಮೇ ಸೆಕೆಗೆ ಮೂರ್ನಾಲ್ಕು ದಿನಕ್ಕೊಮ್ಮೆ ಬೇಕಾದೀತು. ಆರಿದ್ರೆ ಮಳೆ ಹಿಡಿದು ಮಘೆ ಮುಗಿಯುವ ತನಕ ಹತ್ತು ದಿನ ಬಿಟ್ಟರೂ ಮಣ್ಣು ತಣ್ಣಗಿರುತ್ತದೆ. ಆಗ ದಿನಾ ಒಂದು ಚೊಂಬು ಸುರಿಯುವ ಪ್ರೀತಿಯೇ ಗಿಡವನ್ನು ಕೊಲ್ಲುತ್ತದೆ. ಸೂರುನೀರು ಬೀಳುವ ಜಾಗದಲ್ಲೂ ಇಡಬೇಡಿ. ಬೇಸಿಗೆಯಲ್ಲಿ ಕಡಲಂಚಿನ ಬಾವಿ ಉಪ್ಪಾದರೆ ಆ ನೀರು ಬೇಡ. ಎಲೆಯ ತುದಿ ಕಂದಾಗಿ ಗರಿಗರಿಯಾಗುತ್ತದೆ.

ಕೆಳಗಿನ ಎಲೆಗಳು ಒಂದೊಂದಾಗಿ ಹಳದಿಯಾಗಿ, ಮಣ್ಣು ಒದ್ದೆಯಿದ್ದು ಹುಳಿವಾಸನೆ ಬಂದರೆ ಬೇರು ಕೊಳೆಯುತ್ತಿದೆ. ಅಡಿಕೆಯ ಕೊಳೆ, ಮೆಣಸಿನ ಸೊರಗು ಎರಡಕ್ಕೂ ಫೈಟೊಫ್ತೊರಾ ರೋಗಾಣು ಕಾರಣ. ಕುಂಡದ ಬೇರನ್ನು ತಿನ್ನುವುದೂ ಬಹಳ ಸಲ ಅದೇ ಬಳಗ. ಗಿಡ ಕಿತ್ತು ಬೇರು ತೊಳೆಯಿರಿ. ಮೆತ್ತಗಾದ ಕಂದು ಬೇರನ್ನೆಲ್ಲ ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಕತ್ತರಿಸಿ, ಗಟ್ಟಿ ಬಿಳಿ ಬೇರು ಉಳಿಸಿ. ಅರ್ಧ ದಿನ ನೆರಳಲ್ಲಿ ಆರಿಸಿ, ಸಣ್ಣ ಕುಂಡಕ್ಕೆ ಹೊಸ ಮಿಶ್ರಣದಲ್ಲಿ ನೆಟ್ಟು, ನಾಲ್ಕು ದಿನ ಬಿಟ್ಟು ನೀರು ಕೊಡಿ. ತೋಟಕ್ಕೆ ಹೊಡೆದು ಉಳಿದ ಬೋರ್ಡೋ ದ್ರಾವಣವನ್ನು (ಮೈಲುತುತ್ತ, ಸುಣ್ಣ ಕಲಸಿದ್ದು) ಕುಂಡಕ್ಕೆ ಸುರಿಯುವ ಜಾಣತನ ಮಾಡಬೇಡಿ, ತಾಮ್ರ ಅಷ್ಟು ಸಣ್ಣ ಮಣ್ಣಿನಲ್ಲಿ ಸೇರಿಕೊಂಡೇ ಉಳಿಯುತ್ತದೆ.

ಎಲೆ ಸೀಳದೆ ಬರುತ್ತಿದ್ದರೆ ಬೆಳಕು ಸಾಲದು, ಇಲ್ಲವೇ ಗಿಡ ಎಳೆಯದು. ಹಂಚಿನ ಮನೆಯಲ್ಲಿ ಗಾಜಿನ ಹಂಚಿನ ಕೆಳಗೆ ಬೆಳಕು ಚೆನ್ನಾಗಿರುತ್ತದೆ. ಆದರೆ ಮಾರ್ಚ್‌ನಲ್ಲಿ ನಡುಮಧ್ಯಾಹ್ನದ ಬಿಸಿಲು ನೇರ ಎಲೆಗೆ ಬಿದ್ದು ಸುಡುತ್ತದೆ, ಎರಡು ಮೊಳ ಪಕ್ಕಕ್ಕೆ ಸರಿಸಿ. ಆಧಾರಕ್ಕೆ ಅಡಿಕೆ ದಬ್ಬೆ ಚೆಂದ ಕಾಣುತ್ತದೆ, ಒದ್ದೆಯಲ್ಲಿ ಬೇಗ ಕೊಳೆತು ಲಡ್ಡಾಗುತ್ತದೆ. ಪಿವಿಸಿ ಪೈಪಿಗೆ ತೆಂಗಿನ ನಾರು ಸುತ್ತಿದರೆ ಬಾಳಿಕೆ. ಗಾಳಿಬೇರು ಹೊರಡುವ ಬೆನ್ನಿನ ಬದಿ ಕಂಬಕ್ಕೆ ತಾಗಿರಲಿ. ಬಾಳೆನಾರಿನಿಂದ ಕಾಂಡವನ್ನಷ್ಟೇ ಸಡಿಲ ಕಟ್ಟಿ, ಎಲೆಯ ತೊಟ್ಟನ್ನು ಕಟ್ಟಬೇಡಿ.

ಎಲೆಗೆ ತೆಂಗಿನೆಣ್ಣೆ ಉಜ್ಜಿ ಹೊಳಪು ತರಿಸುವುದು ಬಿಡಿ, ಧೂಳು ಅಂಟುತ್ತದೆ. ಕಡಲ ಗಾಳಿ ಬರುವ ಕಿಟಕಿಯಲ್ಲಿ ಉಪ್ಪಿನ ಪದರ ಕೂರುತ್ತದೆ, ವಾರಕ್ಕೊಮ್ಮೆ ಸಿಹಿನೀರಿನ ಬಟ್ಟೆಯಿಂದ ಒರೆಸಿ. ಬಿಳಿ ಹಿಟ್ಟಿನಂಥ ತಿಗಣೆ ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ಸೋಪು ಕಲಸಿ ಸಂಜೆ ಸಿಂಪಡಿಸಿ, ವಾರ ಬಿಟ್ಟು ಮತ್ತೊಮ್ಮೆ.

ಸವರಿದ ತುಂಡು ನೆಡಬೇಕೆಂದರೆ ಗಂಟು (ಕಾಂಡದಲ್ಲಿ ಎಲೆ, ಗಾಳಿಬೇರು ಹೊರಡುವ ಜಾಗ) ಇರಲೇಬೇಕು. ಬರೀ ಎಲೆಯನ್ನು ನೀರಲ್ಲಿಟ್ಟರೆ ಹಸಿರಾಗಿರುತ್ತದೆ, ಚಿಗುರುವುದಿಲ್ಲ. ಗಂಟಿನಿಂದ ಅರ್ಧ ಇಂಚು ಕೆಳಗೆ ಕೊಯ್ಯಿರಿ. ಇದು ಕೆಸುವಿನ ಕುಟುಂಬದ್ದೇ, ತುರಿಕೆ ತರುವ ಅದೇ ಸೂಜಿಹರಳು (ಕ್ಯಾಲ್ಸಿಯಂ ಆಕ್ಸಲೇಟ್) ರಸದಲ್ಲಿದೆ. ಕೈಗೆ ಎಣ್ಣೆ ಹಚ್ಚಿಕೊಂಡು ಕತ್ತರಿಸಿ, ತೆವಳುವ ಮಗು ಮತ್ತು ಬೆಕ್ಕು ಕಚ್ಚದ ಎತ್ತರದಲ್ಲಿಡಿ. ಕೆಸುವಿನ ತುರಿಕೆಗೆ ಹುಣಸೆಹುಳಿ ಇದೆ ಎಂದು ಇದನ್ನು ಪತ್ರೊಡೆಗೆ ತರಬೇಡಿ.